ಮೂರನೆಯ ಗುಂಡು

ನಾನು ಹುಟ್ಟಾ ಸಂಶಯದವನು. ಸಂತೆಯಲ್ಲಿ ಬದನೆಕಾಯಿಯನ್ನೂ ತಿರುವಿ ನೋಡದೆ ಚೀಲಕ್ಕೆ ಹಾಕಿದವನಲ್ಲ. ಶಿರೂರಿನ ಗೆಳೆಯನ ರೈಫಲನ್ನು ಮಾತ್ರ ಕಣ್ಣು ಮುಚ್ಚಿ ತೆಗೆದುಕೊಂಡೆ. ಇಬ್ಬರೂ ಒಂದೇ ಪಲ್ಟನ್ನಿನವರು. ಫೌಜು ಬಿಟ್ಟ ಮೇಲೆ ಅವನು ಬಾಗಲಕೋಟೆಯಲ್ಲಿ, ನಾನು ಹುನಗುಂದದಲ್ಲಿ ಬ್ಯಾಂಕಿನ ಕಾವಲಿಗೆ ಸೇರಿದ್ದೆವು. ಅವನು ಇದ್ದಕ್ಕಿದ್ದಂತೆ ಕೆಲಸ ಬಿಟ್ಟು ಹೊಲ ಹಿಡಿದಾಗ, ಲೈಸೆನ್ಸಿನ ಕಾಗದಪತ್ರ ಮುಗಿಸಿ ಆ ರೈಫಲ್ ನನ್ನ ಹೆಗಲಿಗೆ ಬಂತು.

ನಮಗೆ ವರ್ಷಕ್ಕೊಮ್ಮೆ ಗುರಿಪರೀಕ್ಷೆ, ಐದು ಗುಂಡು. ಈ ಸಲ ಮೊದಲ ಬಾರಿಗೆ ಆ ರೈಫಲಿನಿಂದ ಹಾರಿಸಿದೆ; ಮೊದಲಿನ ಎರಡು ನಟ್ಟನಡುವೆ ಹೋದವು. ಮೂರನೆಯದು ಬಲಕ್ಕೆ ಸರಿಯಿತು, ನಾಲ್ಕನೆಯದು ಇನ್ನಷ್ಟು, ಐದನೆಯದು ಹಲಗೆಯ ಅಂಚಿಗೆ. ಪರೀಕ್ಷೆ ನಡೆಸಿದ ಸಾಹೇಬರು, ಡಾಕ್ಟರಿಗೆ ಕಣ್ಣು ತೋರಿಸಿಕೊಂಡು ಮುಂದಿನ ವಾರ ಬನ್ನಿ, ಆಗಲೂ ಹೀಗಾದರೆ ಕೆಲಸ ಉಳಿಯುವುದಿಲ್ಲ ಎಂದರು.

ನನ್ನ ಕಣ್ಣಿನ ಮೇಲೆ ನನಗೆ ಸಂಶಯವಿರಲಿಲ್ಲ, ಉಳಿದ ಎಲ್ಲದರ ಮೇಲೂ ಇತ್ತು. ಗುಂಡು ಹಳೆಯವೇ? ಚುನಾವಣೆಯಲ್ಲಿ ರೈಫಲನ್ನು ಠಾಣೆಗೆ ಒಪ್ಪಿಸಿದ್ದಾಗ ಯಾರಾದರೂ ಕೈಯಾಡಿಸಿದರೇ? ಬೇವಿನ ನೆರಳಲ್ಲಿ ಕುಳಿತು ರೈಫಲಿನ ನಳಿಗೆ ಮುಟ್ಟಿದೆ. ಹಂಚಿನಂತೆ ಕಾದಿತ್ತು. ಅದು ತಣ್ಣಗಾಗುವವರೆಗೆ ಕಾದು, ಸಾಹೇಬರನ್ನು ಕಾಡಿ ಬೇಡಿ ಇನ್ನೊಂದು ಗುಂಡು ಹಾರಿಸಿದೆ. ಮತ್ತೆ ನಟ್ಟನಡುವೆ.

ಆಗ ಫೌಜಿನ ಪಾಠ ನೆನಪಾಯಿತು. ಬಾಗಿದ ನಳಿಗೆಯನ್ನು ಒತ್ತಿ ನೆಟ್ಟಗೆ ಮಾಡಿದರೆ ಉಕ್ಕಿನೊಳಗೆ ಬಿಗಿತ ಉಳಿಯುತ್ತದೆ. ತಣ್ಣಗಿರುವಾಗ ತೆಪ್ಪಗಿರುತ್ತದೆ, ಕಾದರೆ ಹಳೆಯ ಡೊಂಕಿನ ಕಡೆಗೇ ಎಳೆಯುತ್ತದೆ. ಅಂದರೆ ಯಾರೋ ಇದನ್ನು ಒತ್ತಿಸಿದ್ದರು. ಗೆಳೆಯ ಅಷ್ಟು ಅವಸರದಿಂದ ದಾಟಿಸಿದ್ದು ಇದಕ್ಕೇ! ನನ್ನನ್ನೇ ಹಳ್ಳಕ್ಕೆ ಕೆಡವಿದನಲ್ಲ ಎಂದು ಮೈಯೆಲ್ಲ ಉರಿಯಿತು. ಮರುದಿನವೇ ಶಿರೂರಿನ ಬಸ್ಸು ಹತ್ತಿದೆ.

ಅವನು ಉಳ್ಳಾಗಡ್ಡಿ ಹೊಲದಲ್ಲಿದ್ದ. ಚಹಾ ತರಿಸುತ್ತೇನೆಂದ. ಬೇಡವೆಂದು ನೇರ ಕೇಳಿದೆ. ಅವನು ಏನನ್ನೂ ಮುಚ್ಚಲಿಲ್ಲ. ರೈಫಲ್ ಟ್ರ್ಯಾಕ್ಟರಿನಿಂದ ಬಿದ್ದು ಬಾಗಿತ್ತಂತೆ, ಇಳಕಲ್ಲಿನ ಲೇಥ್ ಅಂಗಡಿಯಲ್ಲಿ ಒತ್ತಿಸಿ ತಂದನಂತೆ. ಆಮೇಲೆ ಬದುವಿನ ಮೇಲೆ ತೆಂಗಿನ ಗೆರಟೆ ಇಟ್ಟು ಒಂದು ಗುಂಡು ಹೊಡೆದು ನೋಡಿದ್ದ. ಲೈಸೆನ್ಸಿಗೆ ಸಿಗುವ ಗುಂಡು ಕಡಿಮೆ, ನಮ್ಮ ಕಡೆ ಎಲ್ಲರೂ ಒಂದರಲ್ಲೇ ಪರೀಕ್ಷೆ ಮುಗಿಸುತ್ತೇವೆ. ಗೆರಟೆ ಚೂರಾಯಿತು, ನಳಿಗೆ ಸರಿಯಾಯಿತೆಂದು ಅವನು ನಂಬಿದ್ದ.

ನನ್ನ ಸಂಶಯ ಇನ್ನೂ ಇಳಿದಿರಲಿಲ್ಲ.

"ಹಂಗಾರ ನನಗ ಯಾಕ ಕೊಟ್ಟಿ?"

"ಆಮ್ಯಾಲಿನ ಪರೀಕ್ಷಾದಾಗ ಕಡೀ ಮೂರು ಗುಂಡು ಹೊರಗ ಹೋದುವು. ಕಣ್ಣು ಹೋದುವು ಅಂದ್ಕೊಂಡೆ. ಕುರುಡ ಯಾತರ ಕಾವಲು ಕಾಯ್ತಾನ? ಅವರು ಕೆಲಸ ಬಿಡಸೂಕಿಂತ ಮೊದಲ ನಾನ ಬಿಟ್ಟೆ. ಛಲೋ ರೈಫಲ್, ನಿನ್ನ ಕೈಯಾಗರ ಇರಲಿ ಅಂತ ಕೊಟ್ಟೆ."

ಜಗಳಕ್ಕೆಂದು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳನ್ನೆಲ್ಲ ಬಿಟ್ಟು ಬದುವಿನ ಮೇಲೆ ಕುಳಿತೆ. ನಳಿಗೆ ಕಾದಾಗ ಗುಂಡು ಸರಿಯುವುದನ್ನು, ತಪ್ಪು ಕಣ್ಣಿನದಲ್ಲ ಎಂಬುದನ್ನು ಹೇಳಿದೆ. ಹೇಳಬಾರದಿತ್ತೇನೋ ಎಂದು ಹೇಳುವಾಗಲೇ ಸಂಕಟವಾಯಿತು.

ಅವನು ಕೈಯ ಮಣ್ಣು ಒರೆಸಿಕೊಂಡ. ಆಮೇಲೆ ಹೊಲದ ಆಚೆಯ ಕರೆಂಟಿನ ಕಂಬದ ಕಡೆ ತಿರುಗಿ, ಅದರ ಮೇಲೆ ಬರೆದಿದ್ದ ನಂಬರನ್ನು ಒಂದೊಂದೇ ಅಂಕಿಯಾಗಿ ಓದಿದ.

"ನಾ ಓದಿದ್ದು ಖರೆ ಐತೇನಲೇ?"

ನನಗೂ ಅದೇ ನಂಬರು ಕಾಣುತ್ತಿತ್ತು.