ಬಾಲದ ಜೀಪು

ಆ ಭಾನುವಾರ ಬೆಳಿಗ್ಗೆ ನಾನು ಮಹಡಿ ಮೇಲಿನ ನನ್ನ ಕೋಣೆಯಲ್ಲಿ ಒಂದು ಹಗ್ಗಕ್ಕೆ ಚೀಲ ಹೊಲಿಯುತ್ತಿದ್ದೆ. ಮರಳಿನಲ್ಲಿ ಹೂತ ಗಾಡಿಯನ್ನು ಇನ್ನೊಂದು ಗಾಡಿಗೆ ಕಟ್ಟಿ ಎಳೆಯುವ ದಪ್ಪ ಹಗ್ಗ ಅದು. ರವಿಕೆ ಹೊಲಿಯುವ ಮಷೀನಿಗೆ ಕ್ಯಾನ್ವಾಸ್ ಬಟ್ಟೆ ಕೊಟ್ಟರೆ ಸೂಜಿ ಮುರಿಯುತ್ತದೆ. ಆಗಲೇ ಒಂದೆರಡು ಮುರಿದಿದ್ದವು.

ಕೆಳಗಿನಿಂದ ಅಣ್ಣ ಕೂಗಿದ. "ಆಯ್ತೇನೇ? ನಾವು ಹೋಗೋದು ಈ ವರ್ಷಾನೇ ಕಣೇ."

"ಇನ್ನೊಂದು ಸೂಜಿ ಮುರೀಲಿ, ಆಮೇಲೆ ನೀನೇ ಹಲ್ಲಲ್ಲಿ ಹೊಲ್ಕೋ," ಎಂದೆ.

ಅನ್ನಪೂರ್ಣೇಶ್ವರಿ ನಗರದ ಆ ಮನೆಯಲ್ಲಿ ಕೆಳಗೆ ಅಣ್ಣ, ಅತ್ತಿಗೆ. ಮೇಲೆ ನಾನು, ನನ್ನ ಹೊಲಿಗೆ. ನಾನು ಮದುವೆಯಾಗಲಿಲ್ಲ. ಪಿಯುಸಿ ಮುಗಿಸಿ ಹೊಲಿಗೆ ಕಲಿತೆ, ಅದರಲ್ಲೇ ಉಳಿದೆ. ಅಣ್ಣನಿಗೆ ಒಂದು ಹಳೆಯ ಜೀಪು ಇತ್ತು. ವಾರದ ದಿನಗಳಲ್ಲಿ ಅವನು ಸ್ಕೂಟರಿನಲ್ಲಿ ದೀಪಾಂಜಲಿ ನಗರದವರೆಗೆ ಹೋಗಿ, ಅಲ್ಲಿಂದ ಮೆಟ್ರೋ ಹತ್ತಿ ಕೆಲಸಕ್ಕೆ ಹೋಗುತ್ತಿದ್ದ. ಜೀಪು ಭಾನುವಾರದ್ದು. ರಸ್ತೆ ಇಲ್ಲದ ಕಡೆ ಹೋಗುವುದಕ್ಕೆ ಮಾತ್ರ ಅದು.

ಅವತ್ತು ಅವನ ಗೆಳೆಯರು ಮೂವರೂ ನಮ್ಮ ತಾರಸಿಯ ಮೇಲೆ ಸೇರಿದರು. ಮಾಗಡಿ ರಸ್ತೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರೊಬ್ಬರು. ಅವರನ್ನು ಎಲ್ಲರೂ ಸಾಹುಕಾರರು ಎನ್ನುತ್ತಿದ್ದರು. ಭೂಗೋಳ ಕಲಿಸಿ ನಿವೃತ್ತರಾಗಿದ್ದ ಮೇಷ್ಟ್ರು ಇನ್ನೊಬ್ಬರು. ಲಗ್ಗೆರೆಯಲ್ಲಿ ಗ್ಯಾರೇಜು ನಡೆಸುವವನು ಮೂರನೆಯವನು, ವಯಸ್ಸಿನಲ್ಲಿ ಎಲ್ಲರಿಗಿಂತ ಚಿಕ್ಕವನು. ನಾಲ್ವರಿಗೂ ಒಂದೊಂದು ಗಾಡಿ. ಇಷ್ಟು ವರ್ಷ ಕೆಂಗೇರಿ, ಮಾಗಡಿ ಸುತ್ತಿನ ಗುಡ್ಡ ಹಳ್ಳಗಳಲ್ಲೇ ಸುತ್ತಿದ್ದವರು, ಈಗ ದೇಶದ ಇನ್ನೊಂದು ತುದಿಗೆ, ಗುಜರಾತಿನ ಕಛ್‌ನ ಬಂಜರು ನೆಲದಲ್ಲಿರುವ ಒಂದು ಕಮರಿಗೆ ಹೋಗಿ ಡೇರೆ ಹಾಕುವ ಯೋಚನೆಯಲ್ಲಿದ್ದರು.

ಆ ಕಮರಿಯನ್ನು ನೋಡಿದ್ದವನು ಅಣ್ಣ ಒಬ್ಬನೇ. ಹಿಂದೊಮ್ಮೆ ಕಂಪನಿಯವರು ಅಲ್ಲಿನ ಕಾರ್ಖಾನೆಯೊಂದಕ್ಕೆ ಎಲೆಕ್ಟ್ರಿಕ್ ಪ್ಯಾನೆಲ್ ಕೂರಿಸಲು ಅವನನ್ನು ಕಳಿಸಿದ್ದರು. ರಜೆಯ ದಿನ ಅಲ್ಲಿಯ ಡ್ರೈವರ್ ಒಬ್ಬ ಕರೆದುಕೊಂಡು ಹೋಗಿ ತೋರಿಸಿದನಂತೆ. ಬಳ್ಳಾರಿ ಜಾಲಿ ಬಿಟ್ಟು ಬೇರೇನೂ ಕಾಣದ ಚಪ್ಪಟೆ ನೆಲ. ನಡೆಯುತ್ತ ನಡೆಯುತ್ತ ಇದ್ದಕ್ಕಿದ್ದಂತೆ ನೆಲ ಮುಗಿದು, ಕಾಲಡಿಗೆ ಇನ್ನೊಂದು ಊರಿನಷ್ಟು ಆಳ ತೆರೆದುಕೊಳ್ಳುತ್ತದಂತೆ. ಅಲ್ಲಿ ಒಂದು ಜಾಗದಲ್ಲಿ ನಿಂತಾಗ ತನಗೆ ಮಾತೇ ಬರಲಿಲ್ಲ ಎಂದು ಅಣ್ಣ ಹೇಳುತ್ತಿದ್ದ. ನನ್ನ ಅಣ್ಣ ಮಾತಿಗೆ ನಿಂತರೆ ಎದುರಿನವರ ಕೈಯಲ್ಲಿದ್ದ ಕಾಫಿ ಆರಿಹೋಗುತ್ತಿತ್ತು. ಅಂಥವನ ಬಾಯಿ ಕಟ್ಟಿಸಿದ ಜಾಗ ಹೇಗಿರಬಹುದು ಎಂಬುದೇ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

"ಒಂದು ಫೋಟೊನಾದ್ರೂ ತೆಗೀಬಾರ್ದಿತ್ತಾ?" ಎಂದು ಕೇಳಿದ್ದೆ.

"ಫೋನ್ ಜೇಬಲ್ಲೇ ಇತ್ತು ಕಣೇ. ಕೈ ಹೋಗ್ಲಿಲ್ಲ."

ತಾರಸಿಯ ಮೇಲೆ ದೊಡ್ಡ ನಕ್ಷೆ ಹರಡಿ ಮೂಲೆಗಳಿಗೆ ಅತ್ತಿಗೆಯ ಉಪ್ಪಿನಕಾಯಿ ಜಾಡಿ, ಕುಟ್ಟಾಣಿ ಇಟ್ಟಿದ್ದರು. ಅಣ್ಣ ನನ್ನ ಹೊಲಿಗೆ ಚಾಕ್ ತೆಗೆದುಕೊಂಡು ನೀಲಿ ಗೆರೆ ಎಳೆಯುತ್ತ ಹೋದ. ಎಲ್ಲಿ ಡೀಸೆಲ್, ಎಲ್ಲಿ ಕುಡಿಯುವ ನೀರು, ಮರಳು ಶುರುವಾಗುವ ಕಡೆ ಟೈರಿನ ಗಾಳಿ ಎಷ್ಟು ಇಳಿಸಬೇಕು, ಎಲ್ಲಿ ಡೇರೆ. ಎಲ್ಲ ಗುರುತಾಯಿತು.

"ರಾಗಿ ಹಿಟ್ಟು ಎಷ್ಟು?" ಎಂದರು ಸಾಹುಕಾರರು. "ಮುದ್ದೆ ಇಲ್ದೆ ನಾನು ಹುಬ್ಬಳ್ಳಿನೇ ದಾಟಲ್ಲ."

"ನಿಮ್ಮ ಹೊಟ್ಟೆ ತುಂಬ್ಸೋಕೆ ಐದನೇ ಗಾಡಿ ಬೇಕು ಸಾಹುಕಾರ್ರೇ," ಎಂದ ಗ್ಯಾರೇಜಿನವನು.

"ನಿನ್ನ ಗಾಡಿ ಕೆಟ್ಟಾಗ ತಳ್ಳೋದು ಇದೇ ಹೊಟ್ಟೆ ಮಗಾ, ನೆನಪಿರ್ಲಿ."

ಮೇಷ್ಟ್ರು ನಕ್ಷೆಯನ್ನೇ ನೋಡುತ್ತಿದ್ದರು. "ನದಿ ಹೇಗೆ ಕಲ್ಲು ಕೊರೆಯುತ್ತೆ ಅಂತ ಸರ್ವೀಸ್ ಪೂರ್ತಿ ಬೋರ್ಡ್ ಮೇಲೆ ಬರೆದೆನಪ್ಪ. ಕಣ್ಣಾರೆ ಒಂದನ್ನೂ ನೋಡ್ಲಿಲ್ಲ," ಎಂದರು.

ಊಟಕ್ಕೆ ಕೂತಾಗ ಅಣ್ಣ ತಟ್ಟೆಯ ಅನ್ನವನ್ನು ಒತ್ತಿ ಗುಡ್ಡೆ ಮಾಡಿ, ಮೇಲಿನಿಂದ ಸೌಟಿನಲ್ಲಿ ಸಾರು ಬಿಟ್ಟ. ಸಾರು ಅಲ್ಲಲ್ಲಿ ತಡೆದು, ತಿರುಗಿ, ಅನ್ನದೊಳಗೇ ದಾರಿ ಮಾಡಿಕೊಂಡು ಇಳಿಯಿತು. "ಹಿಂಗೆ," ಎಂದ. "ಸಾರಿನ ಬದ್ಲು ಮಳೆ ನೀರು, ಅನ್ನದ ಬದ್ಲು ಬಂಡೆ. ನಾವು ಅನ್ನೋರು ಹುಟ್ಟೋಕೂ ಮೊದ್ಲಿಂದ ನಡೀತಿದೆ."

"ತಿನ್ನೋ ಅನ್ನದಲ್ಲಿ ಏನ್ರೀ ಆಟ," ಎಂದು ಅತ್ತಿಗೆ ಗದರಿಕೊಂಡರೂ ಬಗ್ಗಿ ನೋಡಿದರು.

"ನಿನಗೆ ಮಾತು ಬರದಂಗಾಯ್ತು ಅಂದ್ಯಲ್ಲ, ಆ ಜಾಗ ಇದ್ರಲ್ಲಿ ಎಲ್ಲಿ?" ಎಂದು ನಾನು ಕೇಳಿದೆ. "ನಕ್ಷೇಲೂ ಗುರುತು ಹಾಕ್ಲಿಲ್ಲ ನೀನು."

"ಅದನ್ನ ಅಲ್ಲೇ ತೋರಿಸ್ತೀನಿ. ನೀನೂ ಬರ್ತೀಯಲ್ಲ. ಈಗ್ಲೇ ಹೇಳಿದ್ರೆ ಏನು ಮಜಾ?" ಎಂದು ಆ ಬೆಟ್ಟ, ಆ ನದಿ ಎರಡನ್ನೂ ಕಲಸಿ ತಿಂದ.

ಸೋಮವಾರ ಬೆಳಿಗ್ಗೆ ಅವನು ಎಂದಿನಂತೆ ಹೊರಟ. ಮೆಟ್ರೋ ನಿಲ್ದಾಣದ ಮೆಟ್ಟಿಲ ಮೇಲೆ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಯಾರೋ ಅವನದೇ ಫೋನಿನಿಂದ ಅತ್ತಿಗೆಗೆ ಕರೆ ಮಾಡಿದರು. ಹಗ್ಗದ ಚೀಲಕ್ಕೆ ಇನ್ನೂ ಹಿಡಿ ಹೊಲಿದಿರಲಿಲ್ಲ.

ಜೀಪಿಗೆ ಟಾರ್ಪಾಲು ಹೊದಿಸಿದೆವು. ಅಣ್ಣ ಇದ್ದಾಗ ಆ ಜೀಪನ್ನು ಸವತಿ ಎಂದು ಬೈಯುತ್ತಿದ್ದ ಅತ್ತಿಗೆ, ಈಗ ಪ್ರತಿ ಭಾನುವಾರ ಟಾರ್ಪಾಲು ಸರಿಸಿ, ಒಳಗೆ ಕೂತು, ಇಂಜಿನ್ ಸ್ಟಾರ್ಟ್ ಮಾಡಿ ಸ್ವಲ್ಪ ಹೊತ್ತು ಸುಮ್ಮನೆ ಇರುತ್ತಿದ್ದರು. ಕೇಳಿದರೆ, "ಬ್ಯಾಟರಿ ಇಳಿದುಹೋಗುತ್ತೆ ಅಂತ ಅವ್ರೇ ಹೇಳ್ತಿದ್ರು," ಎನ್ನುತ್ತಿದ್ದರು.

ಮಳೆಗಾಲ ಕಳೆದ ಮೇಲೆ ಗೆಳೆಯರು ಮನೆಗೆ ಬಂದರು. ಸಾಹುಕಾರರು ಕುರ್ಚಿಯ ತುದಿಯಲ್ಲಿ ಕೂತು, "ಆ ಟ್ರಿಪ್ಪು ಬಿಟ್ಬಿಡೋಣ ಅಂತಿದೀವಮ್ಮ. ಅವನಿಲ್ದೆ ಹೋಗಿ ಏನ್ ಮಾಡೋಣ?" ಎಂದರು. ಆ ಕಮರಿಯೂ ಹೋದರೆ ಅಣ್ಣ ಇನ್ನೊಮ್ಮೆ ಹೋದಂತೆ ಎಂದು ನನಗೆ ಅನ್ನಿಸಿತು.

"ಹೋಗೋಣ," ಎಂದೆ. "ಜೀಪು ನಾನು ಓಡಿಸ್ತೀನಿ. ಅವನೇ ಕಲಿಸಿದ್ದಲ್ವಾ."

"ಖಾಲಿ ಸೈಟಲ್ಲಿ ಓಡಿಸೋದೂ ಅದೂ ಒಂದೇ ಅಲ್ಲ ಕಣಮ್ಮ," ಎಂದರು ಮೇಷ್ಟ್ರು.

"ಅದಕ್ಕೆ ಮೊದ್ಲು ಇಲ್ಲೇ ನೋಡಿ. ಆಗ್ಲಿಲ್ಲ ಅಂದ್ರೆ ನಾನೇ ಬಿಡ್ತೀನಿ."

ಅತ್ತಿಗೆ ಎದ್ದು ಒಳಗೆ ಹೋದವರು ಜೀಪಿನ ಕೀಲಿ ತಂದು ನನ್ನ ಮುಂದೆ ಇಟ್ಟರು. "ನಾನೂ ಬರ್ತೀನಿ. ಇವಳೊಬ್ಬಳನ್ನೇ ಕಳಿಸೋಕಾಗಲ್ಲ," ಎಂದರು.

ಮತ್ತೆ ನಕ್ಷೆ ಹರಡಿತು. ನೀಲಿ ಗೆರೆ ಅಲ್ಲಲ್ಲಿ ಉದುರಿದ್ದನ್ನು ನಾನೇ ತಿದ್ದಿದೆ. ಈ ಸಲ ಒಂದನ್ನೂ ಮರೆಯಬಾರದೆಂದು ಎಲ್ಲರಿಗೂ ಹಠ. ನೀರಿನ ಕ್ಯಾನು, ಗುದ್ದಲಿ, ಜಾಕಿನ ಕೆಳಗಿಡುವ ಹಲಗೆ, ಔಷಧಿ, ರಾಗಿ ಹಿಟ್ಟು. ರಾತ್ರಿ ಮಲಗುವ ಮುಂಚೆ ಫೋನಿನಲ್ಲಿ ಆಕಾಶದಿಂದ ತೆಗೆದ ಚಿತ್ರ ನೋಡುತ್ತಿದ್ದೆ. ಬೂದು ನೆಲದ ಮೇಲೆ ಕಮರಿ ಒಂದು ಎಳೆ ದಾರ ಬಿದ್ದ ಹಾಗೆ. ಬೆರಳಿನಿಂದ ದೊಡ್ಡದು ಮಾಡುತ್ತ ಹೋದರೆ ದಾರಕ್ಕೆ ಅಂಚು ಬರುತ್ತಿತ್ತು, ಅಂಚಿಗೆ ನೆರಳು, ನೆರಳಿನ ತಳದಲ್ಲಿ ಒಂದು ಹನಿ ನೀರು. ಅಷ್ಟರ ಮೇಲೆ ಚಿತ್ರ ಮಸುಕಾಗುತ್ತಿತ್ತು. ಅಣ್ಣ ನಿಂತಿದ್ದು ಆ ಮಸುಕಿನಲ್ಲಿ ಎಲ್ಲೋ.

ಇಲ್ಲಿ ಅವರ ಒಂದು ಪದ್ಧತಿ ಹೇಳಬೇಕು. ಇವರ ಮೊದಲ ತಿರುಗಾಟದಲ್ಲಿ ಹಿಂದಿನ ಗಾಡಿಯೊಂದು ಪಂಕ್ಚರ್ ಆಗಿ ನಿಂತದ್ದು ಗೊತ್ತಾಗದೆ ಉಳಿದವರು ಬಹಳ ದೂರ ಹೋಗಿಬಿಟ್ಟಿದ್ದರಂತೆ. ಅಂದಿನಿಂದ ಒಂದು ನಿಯಮ. ಕಷ್ಟದ ಜಾಗ ದಾಟಿದ ಮೇಲೆ ಕೊನೆಯ ಗಾಡಿಯವನು ವಾಕಿಟಾಕಿಯಲ್ಲಿ "ಬಾಲ ಬಂತು" ಎನ್ನಬೇಕು. ಅದು ಕೇಳುವ ತನಕ ಎಲ್ಲಕ್ಕಿಂತ ಮುಂದಿರುವ ಗಾಡಿ ಕದಲಬಾರದು. ಬಾಲ ಯಾವಾಗಲೂ ಅಣ್ಣನದೇ. ಎಲ್ಲರ ಧೂಳೂ ತಿಂದು ಕೆಂಪಗಾಗಿ ಮನೆಗೆ ಬಂದರೆ ಅತ್ತಿಗೆ ಅಂಗಳದ ನಲ್ಲಿಯ ಹತ್ತಿರವೇ ನಿಲ್ಲಿಸುತ್ತಿದ್ದರು. "ಮುಂದೆ ಹೋಗಿ ಸಾಯ್ಬಾರ್ದಾ?" ಎಂದರೆ, "ಹಿಂದೆ ಇದ್ರೆ ಎಲ್ರೂ ಕಾಣ್ತಾರೆ," ಎನ್ನುತ್ತಿದ್ದ.

ಪರೀಕ್ಷೆಗೆ ಹೋದದ್ದು ಮಾಗಡಿ ಕಡೆ, ಸಾಹುಕಾರರಿಗೆ ಪರಿಚಯದವರ ಜಮೀನಿನಲ್ಲಿದ್ದ ಒಂದು ಒಣ ಹಳ್ಳಕ್ಕೆ. ಇಳಿದು, ಮರಳು ದಾಟಿ, ಆಚೆಯ ಬಂಡೆ ಏರಬೇಕು. ನನ್ನನ್ನು ನಡುವೆ ಹಾಕಿದರು. ಸಾಹುಕಾರರು ಮುಂದೆ, ಅವರ ಹಿಂದೆ ಮೇಷ್ಟ್ರು, ಆಮೇಲೆ ನಾನು ಮತ್ತು ಅತ್ತಿಗೆ, ನಮ್ಮ ಹಿಂದೆ ಗ್ಯಾರೇಜಿನವನು. ಮರಳಿನಲ್ಲಿ ಸ್ಟೀರಿಂಗು ಕೈಯಿಂದ ಜಾರುತ್ತಿತ್ತು. "ಹಿಡ್ಕೋಬೇಡ, ಸುಮ್ನೆ ಮುಟ್ಟಿರು," ಎಂದು ಅಣ್ಣ ಕಲಿಸಿದ್ದು ನೆನಪಾಯಿತು. ಹಾಗೇ ಮಾಡಿದೆ. ಏರಿದೆವು.

ಮೇಲೆ ನಾಲ್ಕೂ ಗಾಡಿ ಸಾಲಾಗಿ ನಿಂತವು. ಸಾಹುಕಾರರ ಗಾಡಿ ಕದಲಲಿಲ್ಲ. ಏನೋ ನೋಡುತ್ತಿರಬೇಕೆಂದು ನಾವು ಕಾದೆವು. ಇಂಜಿನ್‌ಗಳು ಗುರುಗುಟ್ಟುತ್ತಿದ್ದವು. ನನ್ನ ಕಣ್ಣು ಕನ್ನಡಿಗೆ ಹೋಗಿ, ಅಲ್ಲಿಂದ ಹಳ್ಳದ ತಿರುವಿಗೆ ಹೋಯಿತು. ಅತ್ತಿಗೆಯೂ ಕತ್ತು ತಿರುಗಿಸಿ ಅಲ್ಲೇ ನೋಡುತ್ತಿದ್ದರು. ವಾಕಿಟಾಕಿ ಕರಕರ ಎಂದಿತು.

"ಏನಪ್ಪಾ ಬಾಲ, ಎಲ್ಲಿದ್ಯೋ?" ಎಂದರು ಸಾಹುಕಾರರು.

ಅಷ್ಟು ದಿನ ಕೂತು ಯೋಜನೆ ಮಾಡಿದ್ದೆವು. ರಾಗಿ ಹಿಟ್ಟು ಮರೆತಿರಲಿಲ್ಲ, ಬೆಂಕಿಪೊಟ್ಟಣ ಮರೆತಿರಲಿಲ್ಲ. ಬಾಲ ಯಾರು ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಅದನ್ನು ಯೋಜಿಸಬೇಕಾದ ಪ್ರಸಂಗ ಅವರಿಗೆ ಹಿಂದೆ ಯಾವತ್ತೂ ಬಂದಿರಲಿಲ್ಲ.

ತುಂಬ ಹೊತ್ತಾದ ಮೇಲೆ ಗ್ಯಾರೇಜಿನವನ ದನಿ ಬಂತು. "ಎಲ್ಲಾ ಬಂದಿದೀವಿ ಸಾಹುಕಾರ್ರೇ. ನಾನೇ ಲಾಸ್ಟು."

"ಮತ್ತೆ ಹೇಳ್ಬಾರ್ದೇನೋ?"

"ಹೆಂಗೆ ಹೇಳ್ಲಿ? ಅದು ಅಣ್ಣನ ಮಾತು."

ಮೇಷ್ಟ್ರು ಮೊದಲು ಇಂಜಿನ್ ಆರಿಸಿದರು. ಒಂದೊಂದಾಗಿ ಎಲ್ಲವೂ ಆರಿದವು. ಅಂಥ ನಿಶ್ಶಬ್ದವನ್ನು ನಾನು ಬೆಂಗಳೂರಿನ ಸುತ್ತ ಯಾವತ್ತೂ ಕೇಳಿರಲಿಲ್ಲ. ಹಳ್ಳ, ಮರಳು, ಬಿಸಿಲಿಗೆ ಕಾದ ಬಂಡೆ. ತಿರುವಿನ ಆಚೆಯಿಂದ ಇನ್ನೊಂದು ಗಾಡಿ ಬರುತ್ತದೆ ಎಂದು ಇಡೀ ಜಾಗವೇ ಕಾಯುತ್ತಿರುವಂತಿತ್ತು. ಒಬ್ಬ ಮನುಷ್ಯ ಬಿಟ್ಟುಹೋದ ಜಾಗ ಅಷ್ಟು ದೊಡ್ಡದಾಗಿರಬಹುದೆಂದು ನನಗೆ ಗೊತ್ತಿರಲಿಲ್ಲ.

ನಾನು ವಾಕಿಟಾಕಿ ಎತ್ತಿಕೊಂಡೆ. "ನಾನು ಕೆಳಗೆ ಹೋಗಿ ಮತ್ತೆ ಬರ್ತೀನಿ," ಎಂದೆ.

"ಯಾಕಮ್ಮ? ಚೆನ್ನಾಗೇ ಹತ್ತಿದ್ಯಲ್ಲ," ಎಂದರು ಸಾಹುಕಾರರು.

"ಕೊನೇಲಿ ಬರ್ತೀನಿ."

ಯಾರೂ ಬೇಡ ಎನ್ನಲಿಲ್ಲ. ಜೀಪು ತಿರುಗಿಸಿ ಇಳಿದೆ. ಮರಳು ದಾಟಿ ಆಚೆ ದಡಕ್ಕೆ ಹೋಗಿ ಮತ್ತೆ ಈ ಕಡೆ ತಿರುಗಿದಾಗ, ಬಂಡೆಯ ಮೇಲೆ ಮೂರು ಗಾಡಿಗಳೂ ಕಂಡವು. ಅಣ್ಣ ಹೇಳುತ್ತಿದ್ದದ್ದು ನಿಜ. ಹಿಂದೆ ಇದ್ದರೆ ಎಲ್ಲರೂ ಕಾಣುತ್ತಾರೆ. ಏರಿ ಮೇಲೆ ನಿಂತ ಮೇಲೆ ಬಟನ್ ಒತ್ತಿದೆ.

"ಬಾಲ ಬಂತು."

ಸಾಹುಕಾರರ ಗಾಡಿ ಮೆಲ್ಲಗೆ ಮುಂದೆ ಹೊರಟಿತು. ಅತ್ತಿಗೆ ಸೆರಗಿನಿಂದ ಮುಖದ ಧೂಳು ಒರೆಸಿಕೊಂಡು, "ಮನೆಗೆ ಹೋದ್ಮೇಲೆ ನಲ್ಲಿ ಹತ್ರ ನಿಂತ್ಕೋ," ಎಂದರು.

ಸಂಕ್ರಾಂತಿ ಕಳೆದ ಮೇಲೆ ಹೊರಟೆವು. ದಾರಿಯ ಕಥೆ ಉದ್ದವಿದೆ. ಹಗ್ಗ ಎರಡು ಸಲ ಕೆಲಸಕ್ಕೆ ಬಂತು, ಚೀಲದ ಹಿಡಿ ಕಿತ್ತುಬರಲಿಲ್ಲ. ಸಾಹುಕಾರರು ಗುಜರಾತಿನ ಚಳಿಯಲ್ಲಿ ಕೂತು ಮುದ್ದೆ ತಿರುವಿದರು. ನೀಲಿ ಗೆರೆ ಮುಗಿಯುವಲ್ಲಿ ಗಾಡಿಗಳನ್ನು ನಿಲ್ಲಿಸಿ ಜಾಲಿ ಗಿಡಗಳ ನಡುವೆ ನಡೆದೆವು. ಅಣ್ಣ ಹೇಳಿದ್ದಂತೆಯೇ ನೆಲ ಮುಗಿಯಿತು.

ನನಗೆ ಗೊತ್ತಿರುವುದು ಬಟ್ಟೆ. ದೊಡ್ಡ ಬಟ್ಟೆ ಅಂಗಡಿಯಲ್ಲಿ ನೆಲದಿಂದ ಸೂರಿನವರೆಗೆ ಥಾನುಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರಲ್ಲ, ಹಳದಿ, ಇಟ್ಟಿಗೆ ಕೆಂಪು, ನೇರಳೆ, ಹಾಗೆ ಕಲ್ಲು ಪದರ ಪದರವಾಗಿ ಕೂತಿತ್ತು. ಯಾರೋ ಎಲ್ಲ ಥಾನುಗಳ ಮೇಲೂ ಒಂದೇ ಸಲ ಕತ್ತರಿ ಆಡಿಸಿದ ಹಾಗೆ ನಡುವೆ ಕಮರಿ ತಿರುಗಿ ತಿರುಗಿ ಹೋಗಿತ್ತು. ತಳದಲ್ಲಿ ಹಸಿರು ನೀರು ಕದಲದೆ ನಿಂತಿತ್ತು. ಮೇಷ್ಟ್ರು ಚಪ್ಪಲಿ ಬಿಟ್ಟು ಬಂಡೆಯ ಮೇಲೆ ಅಂಗೈ ಇಟ್ಟು ಕೂತುಬಿಟ್ಟರು. ಗ್ಯಾರೇಜಿನವನು ಫೋನು ಹೊರಗೆ ತೆಗೆದು, ಮತ್ತೆ ಜೇಬಿಗೆ ಹಾಕಿಕೊಂಡ.

ಅತ್ತಿಗೆ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಅವ್ರು ಎಲ್ಲಿ ನಿಂತಿದ್ರಂತೆ?" ಎಂದು ಕೇಳಿದರು.

ಅಲ್ಲಿದ್ದ ಮೂರು ದಿನವೂ ಅಂಚಿನುದ್ದಕ್ಕೂ ನಡೆದೆವು, ತಳಕ್ಕೂ ಇಳಿದೆವು. ನಿಂತಲ್ಲೆಲ್ಲ ನನಗೆ ಮಾತು ನಿಲ್ಲುತ್ತಿತ್ತು. ಇದೇ ಇರಬಹುದು ಎನ್ನಿಸುತ್ತಿತ್ತು, ಮುಂದಿನ ತಿರುವಿನಲ್ಲಿ ಅಲ್ಲ ಇದು ಎನ್ನಿಸುತ್ತಿತ್ತು. ನಕ್ಷೆ ಈಗಲೂ ನನ್ನ ಹೊಲಿಗೆ ಮಷೀನಿನ ಪಕ್ಕದಲ್ಲಿದೆ. ಅಣ್ಣ ನಿಂತ ಜಾಗ ಯಾವುದೆಂದು ನಮಗೆ ಗೊತ್ತಿಲ್ಲ.