ಗೋಡೆಗೆ ಸುಣ್ಣ ಹಚ್ಚಿದ್ದು ನಾನು

ಶಿವಲೀಲಾ, ಆ ಗೋಡೆಗೆ ಸುಣ್ಣ ಹಚ್ಚಿದ್ದು ನಾನು. ಮನೆಯ ಮಾಲಕಿ ನೀಲಮ್ಮ ಆಯಿ ಹಚ್ಚು ಎಂದು ಹೇಳಿರಲಿಲ್ಲ. ಹಚ್ಚಿದ್ದು ಆಕೆಗೆ ಗೊತ್ತೂ ಇರಲಿಲ್ಲ. ನಾಲ್ಕು ವರ್ಷದಿಂದ ಆ ಮುದುಕಿಯ ಬಾಗಿಲ ಮುಂದೆ ಮುಖ ತಿರುಗಿಸಿಕೊಂಡು ಹೋಗುತ್ತೀಯಲ್ಲ — ಅದು ನನ್ನ ಮೇಲೆ ಬರಬೇಕಾದ ಸಿಟ್ಟು.

ಸೀರೆಯ ಗಂಟು ಹೊತ್ತು ಉಮರ್ಗಾ, ಮುರುಮ, ನಿಲಂಗಾ ತಿರುಗಿ ನಿನ್ನನ್ನು ಉದಗೀರದ ಮೆಡಿಕಲ್ ಪ್ರವೇಶ ಪರೀಕ್ಷೆಯ ಕ್ಲಾಸಿಗೆ ಹಾಕಿದವಳು ನಾನು — ನೋಡು, ತಪ್ಪು ಒಪ್ಪಿಕೊಳ್ಳಲು ಕೂತರೂ ಮೊದಲು ಇದೇ ಬಾಯಿಗೆ ಬರುತ್ತದೆ! ಸಾಕಾಗಿದೆ ನನಗೇ ಈ ನಾಲಿಗೆ.

ಆ ಗೋಡೆ ಕಂಡರೆ ನನ್ನ ಮೈ ಉರಿಯುತ್ತಿತ್ತು. ಉಳಿದವರ ಮಕ್ಕಳು ಪುಸ್ತಕ ಬಾಯಿಪಾಠ ಮಾಡುತ್ತಿದ್ದರೆ, ನೀನು ಅದರ ಮೇಲೆ ಅರಿಶಿನದಲ್ಲಿ ಮೂತ್ರಪಿಂಡ, ಕುಂಕುಮದಲ್ಲಿ ರಕ್ತನಾಳ, ಬಟ್ಟೆಗೆ ಹಾಕುವ ನೀಲಿಯಲ್ಲಿ ಇನ್ನೇನೋ ಬರೆಯುತ್ತ ನಿಂತಿರುತ್ತಿದ್ದೆ. ಓದಿದ್ದು ನಿಲ್ಲುವುದಿಲ್ಲ, ನೋಡಿದ್ದು ನಿಲ್ಲುತ್ತದೆ ಎಂದು ನೀನು ಎಷ್ಟು ಸಲ ಹೇಳಲಿಲ್ಲ! ಸಾಯಂಕಾಲ ಆಯಿ ಬಂದು ಗೋಡೆಯ ಮುಂದೆ ಕೂತು ಒಂದೊಂದನ್ನೇ ಕೇಳುತ್ತಿದ್ದಳು. ನೀನು ಬೆರಳಿಟ್ಟು ತೋರಿಸುತ್ತಿದ್ದೆ.

"ಎದಿಯಾಗ ನಾಕ ಖೋಲಿ ಅಂತಿ. ನಿಮ್ಮವ್ವನ ಎದಿಯಾಗೂ ನಾಕ ಅವ ಏನು? ಒಂದು ದುಕಾನಕ್ಕ ಬಾಡಿಗಿ ಕೊಟ್ಟಿರ್ತಾಳ ನೋಡು!" ಅನ್ನುತ್ತಿದ್ದಳು ಆಯಿ.

ನೀವಿಬ್ಬರೂ ನಗುತ್ತಿದ್ದಿರಿ. ಅದಕ್ಕೂ ನನಗೆ ಸಿಟ್ಟು. ಇದು ಅಭ್ಯಾಸವೋ ಹರಟೆಯೋ? ಮೊಳ ಹಾಕಿ ಅಳೆಯಲು ಬಾರದ್ದನ್ನು ನಾನು ಎಂದೂ ನಂಬಿದವಳಲ್ಲ. ಇವತ್ತು ಎಷ್ಟು ಪುಟ ಆಯಿತು ಎಂದರೆ ತಟ್ಟನೆ ಉತ್ತರ ಕೊಡುವ ಮಗಳು ಬೇಕಾಗಿದ್ದಳು.

ಯುಗಾದಿ ಹತ್ತಿರ ಬಂದಿತ್ತು, ಪರೀಕ್ಷೆಗೆ ಐದು ವಾರ. ವಲಾಂಡಿಯಿಂದ ಸೀರೆ ನೋಡಲು ಬಂದ ಗಿರಾಕಿಯೊಬ್ಬಳು ಗೋಡೆ ನೋಡಿ ನಕ್ಕಳು: "ಏನ್ರೀ, ಪರೀಕ್ಷಾಕ್ಕ ಗ್ವಾಡಿ ಹೊತ್ಕೊಂಡು ಹೋಗ್ತಾಳೇನು ನಿಮ್ಮ ಮಗಳು?"

ಅಷ್ಟೇ. ಅವಳು ಅತ್ತ ಹೋದದ್ದೇ ನಾನು ಸುಣ್ಣ ಕಲಸಿದೆ. ನೀನು ಕ್ಲಾಸಿನಲ್ಲಿದ್ದೆ. ಗೋಡೆ ಹೋದರೆ ಪುಸ್ತಕ ಹಿಡಿಯುತ್ತಾಳೆ ಎಂಬುದು ನನ್ನ ಲೆಕ್ಕ. ಒಂದು ಸಲ ಹಚ್ಚಿದರೆ ಕುಂಕುಮ ಮತ್ತೆ ಮೇಲೆ ಬಂತು. ಎರಡನೆಯ ಸಲವೂ ಬಂತು. ಅಲ್ಲಿಗಾದರೂ ನಿಲ್ಲಬಹುದಿತ್ತು — ಮೂರನೆಯ ಸಲ ಹಚ್ಚಿದೆ.

ನೀನು ಬಂದೆ. ಬ್ಯಾಗು ಹೆಗಲಲ್ಲೇ ಇತ್ತು. ಯಾವ ಗಿರಾಕಿಯ ಮುಂದೆಯೂ ಕಣ್ಣು ತಗ್ಗಿಸದ ನಾನು ನಿನ್ನ ಮುಖ ನೋಡಲಾರದೆ ಹೇಳಿಬಿಟ್ಟೆ:

"ಆಯಿ ಹೇಳ್ಯಾಳ. ಮನಿ ಆಕಿದು, ನಾ ಏನ್ ಮಾಡ್ಲಿ?"

ನೀನು ಆಯಿಯ ಬಾಗಿಲಿಗೆ ಓಡಿದೆ. ಸಿಕ್ಕಿಬಿದ್ದೆ ಎಂದುಕೊಂಡು ನಾನು ಹಿಂದೆ ಬಂದೆ. "ಆಯಿ, ನೀ ಹೇಳಿದ್ಯೇನು?" ಆಕೆ ಮೊದಲು ನನ್ನ ಕೈ ನೋಡಿದಳು — ಮೊಣಕೈತನಕ ಸುಣ್ಣ. ಆಮೇಲೆ ನಿನ್ನನ್ನು ನೋಡಿದಳು.

"ಹೂನವ್ವಾ. ನಾನಾ ಹೇಳಿದ್ದೆ."

ಆಮೇಲೆ ಎಲ್ಲ ನನ್ನ ಲೆಕ್ಕದಂತೆಯೇ ನಡೆಯಿತು. ನೀನು ಪುಸ್ತಕ ಹಿಡಿದು ಕೂತೆ. ಆಯಿ ಬರುವುದು ನಿಂತಿತು. ಪರೀಕ್ಷೆಯ ದಿನ ಗೇಟಿನ ಹೊರಗೆ ಬಂದವಳು ಒಂದೇ ಮಾತು ಅಂದೆ: "ಅವ್ವಾ, ಕಣ್ಣು ಮುಚ್ಚಿದ್ರ ಬರೇ ಸುಣ್ಣ ಕಾಣ್ತಿತ್ತು."

ಆಗಲೂ ನಾನು ಹೇಳಲಿಲ್ಲ. ಬುದ್ಧಿ ಹೇಳಿದೆ! ಮುಂದಿನ ವರ್ಷ ಮತ್ತೆ ಕೂಡು, ಈ ಸಲ ಸರಿಯಾಗಿ ಓದು ಅಂದೆ. ಥೂ. ನೀನು ಮತ್ತೆ ಕೂಡಲಿಲ್ಲ. ನಿಲಂಗಾದ ಲ್ಯಾಬಿನಲ್ಲಿ ಪರರ ರಕ್ತ ತಪಾಸಣೆ ಮಾಡುತ್ತೀ. ಗೋಡೆ ಇದ್ದಿದ್ದರೆ ಡಾಕ್ಟರ್ ಆಗುತ್ತಿದ್ದೆಯೋ ಇಲ್ಲವೋ — ಅದನ್ನು ತಿಳಿಯುವ ದಾರಿಯನ್ನೇ ನಾನು ಬಳಿದುಹಾಕಿದೆ.

ಆಯಿ ಈಗ ಹಾಸಿಗೆ ಹಿಡಿದಿದ್ದಾಳೆ. ನೀನು ಬಂದಾಗಲೆಲ್ಲ ಚಪ್ಪಲಿ ಸಪ್ಪಳ ಕೇಳಿ, "ಲೀಲಾ ಬಂದಳೇನು?" ಅನ್ನುತ್ತಾಳೆ. ನಿನ್ನೆ ಗಂಜಿ ಕುಡಿಸುತ್ತ ಕೇಳಿಯೇಬಿಟ್ಟೆ — ಅಂದು ಯಾಕೆ ಒಪ್ಪಿಕೊಂಡಿ?

"ಪರೀಕ್ಷಾ ಮುಂದಿತ್ತು. ಅವ್ವನ ಸಂಗಾಟ ಮಾತು ಬಿಟ್ಟು ಹುಡುಗಿ ಎಲ್ಲಿ ಉಣಬೇಕು? ನನ್ನ ಮ್ಯಾಲ ಸಿಟ್ಟಾದ್ರ ನನ್ನ ಬಾಡಿಗಿ ಏನು ನಿಲ್ತದ?" ಎಂದು ನಕ್ಕಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. "ಪರೀಕ್ಷಾ ಮುಗದ ಮ್ಯಾಲ ನೀನಾ ಹೇಳ್ತಿ ಅನ್ಕೊಂಡಿದ್ದೆ, ಸುಶೀಲಾ."

ಭಾನುವಾರ ಬರುತ್ತೀಯಲ್ಲ, ಮೊದಲು ಆಯಿಯ ಬಾಗಿಲಲ್ಲಿ ಚಪ್ಪಲಿ ಬಿಡು. ನಾನು ಜೊತೆಗೆ ಬರುವುದಿಲ್ಲ. ಅಲ್ಲಿಂದ ನನ್ನ ಹತ್ತಿರ ಬಂದರೆ ಬಾ, ಬಾರದಿದ್ದರೆ ಹಾಗೆಯೇ ಬಸ್ಸು ಹಿಡಿ. ಎಷ್ಟು ದಿನ ಸಿಟ್ಟಾಗಿರಬೇಕು ಎಂಬುದರಲ್ಲಿ ನಾನು ಚೌಕಾಸಿ ಮಾಡುವುದಿಲ್ಲ.