ರೇಸ್ ಟ್ರ್ಯಾಕಿಗೆ ಪ್ರದಕ್ಷಿಣೆ

ನನಗೆ ಬಲಕ್ಕೆ ತಿರುಗುವುದು ಬರುತ್ತಿರಲಿಲ್ಲ. ನಗಬೇಡಿ. ಮೈಸೂರಿನಲ್ಲಿ ಸ್ಕೂಟರ್ ಓಡಿಸಿದವಳಿಗೆ ಬಲಕ್ಕೆ ಹೋಗುವುದೆಂದರೆ ಎದುರಿನ ವಾಹನಗಳನ್ನೆಲ್ಲ ದಾಟಿ, ಅಗಲವಾಗಿ ಸುತ್ತಿ ಆ ಬದಿ ಸೇರುವುದು. ಅಮೆರಿಕದಲ್ಲಿ ಎಲ್ಲ ಉಲ್ಟಾ. ಬಲಕ್ಕೆಂದರೆ ಅಂಚಿಗೆ ಅಂಟಿಕೊಂಡೇ ತಿರುಗಬೇಕು. ಇದು ನನ್ನ ತಲೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಹಾಗಾಗಿ ರೌಂಡ್ ರಾಕ್ ಎಂಬ ಊರಿಗೆ ಬಂದ ಹೊಸದರಲ್ಲಿ ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಡುಮ್ಕಿ ಹೊಡೆದೆ. ಎರಡನೆಯ ಸಲ ಬಲಕ್ಕೆ ತಿರುಗಿ ಎದುರಿನಿಂದ ಬರುತ್ತಿದ್ದ ಲಾರಿಯ ಮುಂದೆಯೇ ಹೋಗಿ ನಿಂತಾಗ ಪರೀಕ್ಷಕ ತನ್ನ ದೇವರನ್ನು ಕರೆದ, ನಾನು ನನ್ನ ದೇವರನ್ನು ಕರೆದೆ.

ಹಾಳಾಗಿ ಹೋಗಲಿ, ಲೈಸೆನ್ಸೇ ಬೇಡ ಎಂದು ಕೂತಿರಬಹುದಿತ್ತು. ಆದರೆ ನಮ್ಮ ಯಜಮಾನರಿಗೆ ಹೂಸ್ಟನ್ನಿನ ಪ್ರಾಜೆಕ್ಟ್ ಬಿತ್ತು. ಮುಂದಿನ ತಿಂಗಳಿಂದ ಸೋಮವಾರ ಹೋದರೆ ಶುಕ್ರವಾರ ವಾಪಸು. ಹಾಲಿಗೂ ಕಾರೇ ಬೇಕಾದ ಊರಿನಲ್ಲಿ ನಾನು, ನಾಲ್ಕು ವರ್ಷದ ಮಗಳು, ಗರಾಜಿನಲ್ಲಿ ಸುಮ್ಮನೆ ನಿಂತ ಹಳೇ ಕಾರು. ಮಗುವಿಗೆ ಜ್ವರ ಬಂದರೆ ಯಾರ ಮನೆ ಬಾಗಿಲು ತಟ್ಟಲಿ? ನನಗೆ ನಿಜಕ್ಕೂ ಭಯವಾಗಿತ್ತು.

ಧಾರವಾಡದ ನಮ್ಮ ಯಜಮಾನರು ಮದುವೆಯಾದಾಗಿನಿಂದ ನನಗೆ ಗದರಿದವರಲ್ಲ. ಸ್ಟಿಯರಿಂಗ್ ನನ್ನ ಕೈಗೆ ಬಂದದ್ದೇ ತಡ, "ಏ, ಏನ್ ಮಾಡ್ಲಿಕ್ಕತ್ತೀ? ಒಳಗ ತಗೋ, ಒಳಗ!" ಎಂದು ಬೊಬ್ಬೆ ಹಾಕತೊಡಗಿದರು. ಗಂಡನ ಹತ್ತಿರ ಡ್ರೈವಿಂಗ್ ಕಲಿಯುವುದಕ್ಕಿಂತ ಜಾತಕ ನೋಡದೆ ಮದುವೆಯಾಗುವುದು ಕ್ಷೇಮ. ಸಂಸಾರ ಉಳಿಯಬೇಕಾದರೆ ಖಾಲಿ ಜಾಗ ಬೇಕೆಂದು ಹುಡುಕಿ ಹೊರಟಾಗ, ಹತ್ತಿ ಹೊಲಗಳ ನಡುವಿನ ಸಣ್ಣ ಊರೊಂದರಲ್ಲಿ ಹಳೆಯ ರೇಸ್ ಟ್ರ್ಯಾಕ್ ಸಿಕ್ಕಿತು.

ಅದರ ಒಡತಿ ರೂಬಿ, ಎಪ್ಪತ್ತು ದಾಟಿದವರು. ಮನಸ್ಸಿನಲ್ಲೇ ನಾನು ಅವರನ್ನು ರೂಬಿಯಜ್ಜಿ ಮಾಡಿಕೊಂಡೆ. "ರೇಸು ಶನಿವಾರ ಮಾತ್ರ. ಉಳಿದ ದಿನ ಇಲ್ಲಿ ಮೊಲ ಓಡಾಡುತ್ತವೆ, ನೀನೂ ಓಡಾಡು" ಎಂದರು.

ನಮ್ಮೂರಿನಲ್ಲಿ ನಾನು ಹೈಸ್ಕೂಲಿಗೆ ಇತಿಹಾಸ ಕಲಿಸುತ್ತಿದ್ದವಳು. ಎಲ್ಲಿ ಹೋದರೂ ಸ್ಥಳಪುರಾಣ ಕೇಳದೆ ಬಿಡುವವಳಲ್ಲ. ರೂಬಿಯಜ್ಜಿಯ ಯಜಮಾನರು ಮಿಲಿಟರಿಯಿಂದ ಬಂದವರೇ ಹತ್ತಿ ಬೆಳೆಯುವ ಹೊಲದಲ್ಲಿ ಟ್ರ್ಯಾಕ್ಟರಿನಿಂದ ಗುಂಡಗೆ ಉತ್ತು ಟ್ರ್ಯಾಕು ಮಾಡಿದರಂತೆ. ಪಕ್ಕದ ಹೊಲದವನು ಒಂದು ಮೂಲೆ ಬಿಟ್ಟುಕೊಡಲಿಲ್ಲವಾಗಿ ಟ್ರ್ಯಾಕು ಒಂದು ಕಡೆ ಚೂಪಾಗಿ ಕೋಳಿಮೊಟ್ಟೆಯ ಆಕಾರಕ್ಕೆ ಬಂತು. ಮೊದಲು ಮಣ್ಣು, ನೋಡಲು ಬಂದವರು ಹಲ್ಲಿನ ತುಂಬ ಧೂಳು ಕಟ್ಟಿಕೊಂಡು ಮನೆಗೆ ಹೋಗುತ್ತಿದ್ದರು. ಡಾಂಬರು ಬಂದದ್ದು ಆಮೇಲೆ. ಓಡಿಸುತ್ತಿದ್ದವರೇನು ಮಹಾಶೂರರಲ್ಲ. ಮಾಂಸದಂಗಡಿಯವನು, ಸ್ಕೂಲ್ ಬಸ್ಸಿನ ಡ್ರೈವರು, ಗ್ಯಾರೇಜಿನವರು. ವಾರವಿಡೀ ರಿಪೇರಿ, ಶನಿವಾರ ಜಖಂ.

ತಮಾಷೆಯೆಂದರೆ ರೂಬಿಯಜ್ಜಿ ಒಂದು ರೇಸನ್ನೂ ಪೂರ್ತಿ ನೋಡಿರಲಿಲ್ಲ. ಅವರು ಕೂರುತ್ತಿದ್ದ ಟಿಕೆಟ್ ಕೌಂಟರಿನ ಕಿಟಕಿ ರಸ್ತೆಯ ಕಡೆಗಿತ್ತು. ಬೆನ್ನ ಹಿಂದೆ ಸದ್ದು ಕೇಳುತ್ತಾ ಅವರು ಕಾಯುತ್ತಿದ್ದುದು ಮೈದಾನದ ನಡುವೆ ನಿಂತ ಆಂಬುಲೆನ್ಸಿನ ಸೈರನ್ ಕೂಗದಿರಲಿ ಎಂದು. "ಕೈಕಾಲು ಮುರಿದವರಿದ್ದಾರೆ, ಸತ್ತವರಿಲ್ಲ. ನಮ್ಮ ಟ್ರ್ಯಾಕಿನ ಇತಿಹಾಸ ಇಷ್ಟೇ" ಎಂದರು. ನಾನು ವರ್ಷಗಟ್ಟಲೆ ಪಾಠ ಮಾಡಿದ ಇತಿಹಾಸದಲ್ಲೆಲ್ಲ ಸತ್ತವರದ್ದೇ ಸುದ್ದಿ. ಇಂಥ ಇತಿಹಾಸ ಕೇಳಿದ್ದು ಅದೇ ಮೊದಲು. ಬಣ್ಣ ಮಾಸಿದ ಆ ಹಳೇ ಆಂಬುಲೆನ್ಸು ಇನ್ನೂ ಅಲ್ಲೇ ನಿಂತಿತ್ತು.

ಫೋನ್ ಕಾರ್ಡಿನ ಗುಟ್ಟಿನ ನಂಬರು ಗೀಚಿ ತೆಗೆದು, ಊರಿಗೆ ಫೋನ್ ಹಚ್ಚಿ ಅಮ್ಮನಿಗೆ ಇದನ್ನೆಲ್ಲ ವರದಿ ಮಾಡಿದೆ. ರೇಸಿನವರು ಯಾವಾಗಲೂ ಎಡಕ್ಕೇ ಸುತ್ತುತ್ತಾರೆಂದು ಬಾಯಿತಪ್ಪಿ ಹೇಳಿದ್ದೇ ಎಡವಟ್ಟಾಯಿತು.

"ಅಯ್ಯೋ, ಅಪ್ರದಕ್ಷಿಣೆ! ಹಾಗೆ ಸುತ್ತೋದು ಸತ್ತೋರ ಕರ್ಮದಲ್ಲಿ ಕಣೇ. ಮಗೂನೂ ಕೂರಿಸ್ಕೊಂಡು ಹಾಗೆ ಸುತ್ಬೇಡ!"

ನಾನು ಇಂಥದ್ದನ್ನು ನಂಬುವವಳಲ್ಲ. ಆದರೆ ಎರಡು ಸಲ ಡುಮ್ಕಿ ಹೊಡೆದವಳು ಸುಮ್ಮನೆ ಯಾಕೆ ದೇವರನ್ನು ಎದುರು ಹಾಕಿಕೊಳ್ಳಬೇಕು? ಮರುದಿನ ಕಾರನ್ನು ತಿರುಗಿಸಿ ನಿಲ್ಲಿಸಿ, ಬಲಗಡೆಯಿಂದ ಹೊರಟೆ. ಹಿಂದಿನ ಸೀಟಿನಿಂದ ಮಗಳು, "ಅಮ್ಮಾ, ಯು ಆರ್ ಗೋಯಿಂಗ್ ದ ರಾಂಗ್ ವೇ!" ಎಂದು ಕೂಗಿದಳು. ರೂಬಿಯಜ್ಜಿ ಕೌಂಟರಿನಿಂದ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ಈ ಟ್ರ್ಯಾಕ್ ಹುಟ್ಟಿದಾಗಿನಿಂದ ಯಾರೂ ಹೀಗೆ ಹೋಗಿಲ್ಲ!"

ದಿನಾ ಸುತ್ತಿದೆ. ಬಲಗೈಯ ಬದಿಗೆ ಅಂಚು, ಬಲಕ್ಕೇ ತಿರುವು, ಚೂಪಾದ ಮೂಲೆಯಲ್ಲಿ ಇನ್ನೂ ಬಲಕ್ಕೆ. ಗಾಣದೆತ್ತಿಗೂ ಇಷ್ಟು ಅಭ್ಯಾಸವಿರಲಾರದು. ಪಕ್ಕದಲ್ಲಿ ಕೂತ ಯಜಮಾನರ ಬೊಬ್ಬೆ ಇಳಿದು, ಕೊನೆಗೊಂದು ದಿನ ಗೊರಕೆಯೇ ಕೇಳಿಸಿತು. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿರಲಿಲ್ಲ.

ಮೂರನೆಯ ಟೆಸ್ಟಿಗೂ ಅದೇ ಪರೀಕ್ಷಕ. ನನ್ನನ್ನು ಕಂಡವನೇ ಸೀಟ್ ಬೆಲ್ಟನ್ನು ಎರಡೆರಡು ಸಲ ಎಳೆದು ನೋಡಿಕೊಂಡ. ಬಲಕ್ಕೆ ಎಂದ, ತಿರುಗಿದೆ. ಮತ್ತೆ ಬಲಕ್ಕೆ ಎಂದ, ಕೈ ತಾನೇ ಅಂಚು ಹಿಡಿಯಿತು. ಟೆಸ್ಟಿನ ದಾರಿ ಎಂದರೆ ಆಫೀಸಿನ ಸುತ್ತ ಒಂದು ಪ್ರದಕ್ಷಿಣೆ, ಅಷ್ಟೇ! ಪಾಸೆಂದು ಅವನು ಹೇಳಿದಾಗ ನಮ್ಮಿಬ್ಬರಲ್ಲಿ ಯಾರ ನಿಟ್ಟುಸಿರು ದೊಡ್ಡದಿತ್ತೋ ಹೇಳಲಾರೆ. ನಾನಂತೂ ಹೊರಗೆ ಬಂದು ಮಗಳನ್ನು ಅಪ್ಪಿಕೊಂಡು ಅತ್ತುಬಿಟ್ಟೆ.

ಸಿಹಿ ಹಿಡಿದು ರೂಬಿಯಜ್ಜಿಯ ಹತ್ತಿರ ಹೋದೆ. ಗೇಟಿನಲ್ಲಿ ಜಾಗ ಮಾರಾಟವಾಗಿದೆಯೆಂಬ ಬೋರ್ಡು. ಮನೆಗಳು ಏಳುತ್ತವಂತೆ. ಬೇಜಾರಾ ಎಂದು ಕೇಳಿದೆ. "ಇಲ್ಲಮ್ಮ, ಇನ್ನು ಶನಿವಾರ ಸಂಜೆ ಆ ಸೈರನ್ನಿಗೆ ಹೆದರೋದು ಬೇಡ" ಎಂದರು. ಆಮೇಲೆ ತುಸು ನಾಚಿಕೊಂಡು, "ಟಿಕೆಟ್ ಹರಿದದ್ದೇ ಆಯ್ತು, ನಾನೇ ಒಂದು ಸುತ್ತು ಹೋಗಿಲ್ಲ" ಎಂದರು.

ಹೊಸ ಲೈಸೆನ್ಸಿನ ಮೊದಲ ಪ್ರಯಾಣಿಕರಾಗಿ ಅವರನ್ನು ಕೂರಿಸಿಕೊಂಡೆ. ಯಾವ ಕಡೆಯಿಂದ ಎಂದು ಕೇಳಿದೆ. "ನಿನ್ನ ಕಡೆಯಿಂದಲೇ" ಎಂದರು. ಸುತ್ತು ಮುಗಿಯುವವರೆಗೂ ಅವರ ಕಣ್ಣು ನಡುವಿನ ಆಂಬುಲೆನ್ಸಿನ ಮೇಲೇ ಇತ್ತು.

ಆವತ್ತು ಅಮ್ಮನಿಗೆ ಫೋನ್ ಮಾಡಿದೆ. "ನಾನು ಹೇಳಿರ್ಲಿಲ್ವಾ?" ಎಂದು ಬೀಗಿದರು. ಆಮೇಲೆ ಅವರಿಗೇ ಏನೋ ಅನುಮಾನ ಬಂತು. "ಅಲ್ಲಾ, ಅಷ್ಟು ಪ್ರದಕ್ಷಿಣೆ ಹಾಕಿದ್ಯಲ್ಲ, ಮಧ್ಯದಲ್ಲಿ ಯಾವ ದೇವ್ರಿತ್ತೇ?"

"ದೇವ್ರಿಲ್ಲಮ್ಮ, ಒಂದು ಹಳೇ ಆಂಬುಲೆನ್ಸು."

"ಅದ್ರಲ್ಲಿ ಹೋದೋರು?"

"ಎಲ್ರೂ ವಾಪಸ್ ಬಂದ್ರಂತೆ."

"ಮತ್ತಿನ್ನೇನು? ಅದೇ ದೇವ್ರು ಕಣೇ" ಎಂದರು ಅಮ್ಮ.